ಕೆರೆ ದಂಡೆಯ ನೀಲಿ ಆಡು

ಮೊನ್ನೆ ಸಂತೆಯ ದಿನ ಸಂಶಿಯ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದ ಅಂಗಡಿಗೆ ಪೆನ್ನಿನ ರಿಫಿಲ್ ತರಲು ಹೋಗಿದ್ದೆ. ಅಂಗಡಿಯವನು ಅಟ್ಟ ಖಾಲಿ ಮಾಡುತ್ತ ಹಳೆಯ ಸಾಮಾನನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಿದ್ದ. ಹುಳ ತಿಂದ ನಕಾಶೆಗಳು, ಬಣ್ಣ ಹೋದ ಒಂದು ಗ್ಲೋಬು, ತುಕ್ಕು ಹಿಡಿದ ಕಂಪಾಸ್ ಪೆಟ್ಟಿಗೆಗಳು. ಅವುಗಳ ನಡುವಿನಿಂದ ಒಂದು ಶಾಯಿ ಬಾಟಲಿ ತೆಗೆದು ನನ್ನ ಮುಂದೆ ಹಿಡಿದ.

"ಅಕ್ಕೋರ, ಇದನ್ನ ನೋಡ್ರಿ. ನಿಮ್ಮ ಕಾಲದ್ದು."

"ನನ್ನ ಕಾಲ ಇನ್ನೂ ಮುಗದಿಲ್ಲೋ ತಮ್ಮಾ," ಅಂದೆ. ಅವನು ನಕ್ಕ. ನಾನೂ ನಗಬೇಕೆಂದಿದ್ದೆ, ಅಷ್ಟರಲ್ಲಿ ಮುಚ್ಚಳ ತಿರುವಿಬಿಟ್ಟಿದ್ದೆ. ಸಾಲಿ ಹುಡುಗರು ಬರೆಯುತ್ತಿದ್ದ ನೀಲಿ ಶಾಯಿ. ಒಣಗಿ ತಳಕ್ಕೆ ಹತ್ತಿಕೊಂಡಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಹುಳಿ ಹುಳಿಯಾದ, ಮಳೆಗಾಲದ ಕ್ಲಾಸಿನಂಥ ವಾಸನೆ. ಅದು ಮೂಗಿಗೆ ಹತ್ತಿದ ಕೂಡಲೇ ಹಿತ್ತಾಳೆಯ ಒಂದು ಅಗಲವಾದ ಪರಾತ ಕಣ್ಣ ಮುಂದೆ ಬಂತು. ಪರಾತದ ತುಂಬ ನೀರು. ನೀರಿನಲ್ಲಿ ಅದ್ದಿದ ಎರಡು ಕೈ... ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ತರಬೇಕಾದ ರಿಫಿಲ್ ಅಲ್ಲೇ ಮರೆತು ಮನೆಗೆ ಬಂದೆ.

ಆ ಕೈ ನಮ್ಮ ಬಾಜು ಮನೆಯ ಡ್ರಾಯಿಂಗ್ ಮಾಸ್ತರದು.

ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು, ನಾನು ಪ್ರಾಥಮಿಕ ಸಾಲಿಯಲ್ಲಿ ಒಂದನೆಯ ಇಯತ್ತೆಯ ಅಕ್ಕೋರು. ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು, ಬಿಳಿ ಅಂಗಿಯ ಕಿಸೆಗೆ ಯಾವಾಗಲೂ ಒಂದು ಶಾಯಿ ಕಲೆ. ಎಡಗೈ ಕಿರುಬೆರಳಿನ ತುದಿಯಲ್ಲಿ ಅಡ್ಡಕ್ಕೊಂದು ಹಳೆಯ ಗಾಯದ ಗುರುತಿತ್ತು. ಪೆನ್ಸಿಲ್ ಕೆತ್ತುವಾಗ ಬ್ಲೇಡು ಜಾರಿದ್ದಂತೆ. ಹುಡುಗರ ಕೈಗೆ ಬ್ಲೇಡು ಕೊಡುವ ಮೊದಲು ಆ ಬೆರಳು ತೋರಿಸಿ ಅಂಜಿಸುತ್ತಿದ್ದರು. ಪಗಾರದ ಕೆಲಸ ಮುಗಿದ ಮೇಲೂ ಅವರ ಕೈಗೆ ಬಿಡುವಿರಲಿಲ್ಲ. ಅಂಗಡಿಯ ಬೋರ್ಡು, ನಾಟಕದ ಪರದೆ, ಟ್ರ್ಯಾಕ್ಟರ್ ಹಿಂದಿನ ಹೆಸರು, ಮದುವೆ ಮನೆಯ ಗೋಡೆ, ಎಲ್ಲಕ್ಕೂ ಅವರೇ. "ಆಡು ಮುಟ್ಟದ ಸೊಪ್ಪಿಲ್ಲ, ನಮ್ಮ ಮಾಸ್ತರ ಬರೀದ ಬೋರ್ಡಿಲ್ಲ" ಅಂತ ನಾನೇ ಕಾಡುತ್ತಿದ್ದೆ. ನನ್ನ ಬಾಯಿ ಮೊದಲಿಂದಲೂ ಸುಮ್ಮನಿರುವಂಥದ್ದಲ್ಲ. ಆ ಗಾದೆಯನ್ನು ಮುಂದೆ ಯಾವತ್ತೂ ಆಡದಂತೆ ಆಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು.

ಅವರ ಪಡಸಾಲೆಯ ಗೋಡೆಗೆ ಒಂದು ಚಿತ್ರವಿತ್ತು. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಮದುವೆಗಿಂತ ಮೊದಲೇ ತಂದದ್ದು. ಇಂಗ್ಲಿಷರ ಕಾಲದ ಯಾವನೋ ದೊರೆ ಮಾಡಿದ ಎಚ್ಚಿಂಗ್. ಹಾಗೆಂದರೇನು ಅಂತ ನಾನು ಕೇಳಿದ್ದೇ ತಡ, ಮಾಸ್ತರ ಕಟ್ಟೆಯ ಮೇಲೆ ಕೂತು ಪಾಠ ಶುರು ಮಾಡಿದ್ದರು. ತಾಮ್ರದ ತಗಡಿಗೆ ಮೇಣ ಹಚ್ಚುತ್ತಾರೆ, ಸೂಜಿಯಿಂದ ಮೇಣ ಗೀರಿ ಚಿತ್ರ ತೆಗೆಯುತ್ತಾರೆ, ಆಮೇಲೆ ಆ್ಯಸಿಡ್ಡಿನಲ್ಲಿ ಇಡುತ್ತಾರೆ. ಗೀರಿದಲ್ಲೆಲ್ಲ ಆ್ಯಸಿಡ್ಡು ತಾಮ್ರವನ್ನು ತಿನ್ನುತ್ತದೆ. ತಿಂದ ಗೆರೆಯಲ್ಲಿ ಎಣ್ಣೆಯ ಮಸಿ ತುಂಬಿ ಕಾಗದದ ಮೇಲೆ ಒತ್ತಿದರೆ ಚಿತ್ರ. "ಕೈ ಎಳದ ಗೆರಿಗೆ ಅಂಜಿಕಿ ಇರತೈತ್ರಿ ಅಕ್ಕೋರ. ಆ್ಯಸಿಡ್ ತಿಂದ ಗೆರಿಗೆ ಅಂಜಿಕಿ ಇಲ್ಲ," ಅಂದಿದ್ದರು. ಚಿತ್ರದಲ್ಲಿ ಒಂದು ಕೆರೆ, ದಂಡೆಯ ಮೇಲೊಂದು ಹುಣಸೆ ಮರ, ಕಲ್ಲಿನ ಮಂಟಪ, ನೀರು ಕುಡಿಯುವ ಎತ್ತುಗಳು. ಎಲ್ಲ ಕಪ್ಪು ಗೆರೆಯಲ್ಲಿ, ಕೌದಿಯ ಹೊಲಿಗೆಯ ಹಾಗೆ ಒತ್ತೊತ್ತಾಗಿ. ಅದು ನಮ್ಮ ಊರ ಕೆರೆಯೇ ಅಂತ ಮಾಸ್ತರರ ಹಟ. ನಮ್ಮ ಕೆರೆಗೆ ಮಂಟಪ ಬಲಕ್ಕೈತಿ, ಚಿತ್ರದಾಗ ಎಡಕ್ಕೈತಲ್ಲ ಅಂತ ಯಾರಾದರೂ ತಕರಾರು ತೆಗೆದರೆ, ಅಚ್ಚಿನಲ್ಲಿ ಎಡ ಬಲ ಅದಲುಬದಲು ಆಗುತ್ತದೆ, ನಿಮ್ಮ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಿ ಅಂತ ಬಾಯಿ ಮುಚ್ಚಿಸುತ್ತಿದ್ದರು.

ಆ ಕಪ್ಪು ಚಿತ್ರದ ಕೆಳಗಿನ ಮೂಲೆಯಲ್ಲಿ, ಕೆರೆಯ ದಂಡೆಯ ಖಾಲಿ ಜಾಗದಲ್ಲಿ, ಒಂದು ನೀಲಿ ಆಡು ನಿಂತಿತ್ತು.

ಅದು ದೊರೆ ಬರೆದದ್ದಲ್ಲ. ಮಾಸ್ತರರ ಮಗಳು ಬರೆದದ್ದು. ಒಬ್ಬಳೇ ಮಗಳು. ನನ್ನ ಕೈಯಲ್ಲೇ ಅ ಆ ತಿದ್ದಿದ ಹುಡುಗಿ. ಒಂದು ಸಲ ಗೋಡೆಗೆ ಸುಣ್ಣ ಬಳಿಯಲು ಚಿತ್ರವನ್ನು ಕಟ್ಟಿನಿಂದ ಬಿಚ್ಚಿ ಚಾಪೆಯ ಮೇಲೆ ಇಟ್ಟಿದ್ದರಂತೆ. ಅಪ್ಪನ ನಿಬ್ಬಿನ ಪೆನ್ನು, ಕೈಗೆ ಸಿಗುವಲ್ಲಿ ನೀಲಿ ಶಾಯಿ ಬಾಟಲಿ. ಒಂದನೆಯ ಇಯತ್ತೆಯ ಹುಡುಗಿ ಬಿಟ್ಟಾಳೆಯೇ? ಮಾಸ್ತರ ಬಂದು ನೋಡುವಷ್ಟರಲ್ಲಿ ಆಡು ಎದ್ದು ನಿಂತಿತ್ತು. ಅವರ ಕೂಗು ನಮ್ಮ ಅಡಿಗೆ ಮನೆಗೆ ಕೇಳಿ ನಾನು ಓಡಿದ್ದೆ. ಹುಡುಗಿ ಅಂಜಿ ಹೆಬ್ಬೆಟ್ಟಿಗೆ ಎಂಜಲು ಹಚ್ಚಿ ಆಡನ್ನು ಒರೆಸಲು ನೋಡಿತು. ಆಡು ಹೋಗಲಿಲ್ಲ. ಅದರ ಬೆನ್ನ ಮೇಲೆ ಪುಟ್ಟ ಹೆಬ್ಬೆಟ್ಟಿನ ನೀಲಿ ಗುರುತು ಮಾತ್ರ ಗೆರೆಗೆರೆಯಾಗಿ ಮೂಡಿತು.

ಮಾಸ್ತರ ಕೈ ಎತ್ತಿದವರು ಆಡನ್ನು ನೋಡಿ ನಿಂತರು. "ಐದು ಕಾಲು ಯಾಕ ಬರದೀ ಬೇ?"

ಹುಡುಗಿ ಬಿಕ್ಕುತ್ತಲೇ ಹೇಳಿತು. "ನಾಕು ನಡ್ಯಾಕ, ಒಂದು ಒದ್ಯಾಕ."

ಎತ್ತಿದ ಕೈ ಹಾಗೇ ಕೆಳಗಿಳಿಯಿತು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ, ಮಾಸ್ತರ ನಕ್ಕರು, ಹುಡುಗಿಯೂ ಕಣ್ಣೀರಿನಲ್ಲೇ ನಕ್ಕಿತು. ಆ ಮಾತು ಊರೆಲ್ಲ ಹರಡಿತು. ಯಾರಾದರೂ ಹಟಮಾರಿ ಸಿಕ್ಕರೆ, ಇವನಿಗೆ ಐದನೇ ಕಾಲೈತಿ ನೋಡ್ರಿ ಅನ್ನುವುದು ನಮ್ಮ ಓಣಿಯ ರೂಢಿಯೇ ಆಯಿತು.

ಐದನೆಯ ಇಯತ್ತೆಯಲ್ಲಿದ್ದಾಗ ಹುಡುಗಿಗೆ ಜ್ವರ ಬಂತು. ಎಲ್ಲ ಹುಡುಗರಿಗೂ ಬರುವಂಥ ಜ್ವರ ಅಂದುಕೊಂಡೆವು. ಹುಬ್ಬಳ್ಳಿಗೆ ಒಯ್ದರು... ತಿರುಗಿ ತಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅದನ್ನು ಬರೆಯಲು ಈಗಲೂ ನನ್ನ ಕೈಲಿ ಆಗುವುದಿಲ್ಲ.

ಮಾಸ್ತರರ ಹೆಂಡತಿಯನ್ನು ನಾನು ವೈನಿ ಅಂತ ಕರೆಯುತ್ತಿದ್ದೆ. ಮಾತು ಕಡಿಮೆ, ಕೈ ಚುರುಕು. ಮಗಳು ಹೋದ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಬಟ್ಟೆಬರೆಯನ್ನು ಯಾರ್ಯಾರಿಗೋ ಕೊಟ್ಟರು. ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇತ್ತು, ಅದನ್ನೂ ಟ್ರಂಕಿಗೆ ಹಾಕಿದರು. ಯಾಕ್ರಿ ವೈನಿ ಅಂತ ಕೇಳಿದ್ದಕ್ಕೆ, "ಫೋಟೋದಾಗ ಆಕಿ ಅಂಜಿ ನಿಂತಾಳ್ರಿ ಅಕ್ಕೋರ. ಆಡಿನಾಗ ನಕ್ಕಾಳ," ಅಂದರು. ದಿನಾ ಬೆಳಿಗ್ಗೆ ಕಸ ಹೊಡೆದು, ರಂಗೋಲಿ ಹಾಕಿ, ದೇವರಿಗೆ ಹೂವೇರಿಸಿ, ಆಮೇಲೆ ಪಡಸಾಲೆಗೆ ಬಂದು ಸೆರಗಿನಿಂದ ಚಿತ್ರದ ಗಾಜು ಒರೆಸುತ್ತಿದ್ದರು. ಒರೆಸಿ, ಆ ಹೆಬ್ಬೆಟ್ಟಿನ ಗುರುತಿನ ಮೇಲೆ ತಮ್ಮ ಬೆರಳು ಇಡುತ್ತಿದ್ದರು. ಒಂದು ಗಳಿಗೆ. ಅಷ್ಟೇ. ಆಮೇಲೆ ಚಹಾಕ್ಕೆ ಇಡಲು ಒಳಗೆ ಹೋಗುತ್ತಿದ್ದರು. ಅದೊಂದು ಪೂಜೆ ಅನ್ನಿ, ಏನಾದರೂ ಅನ್ನಿ. ಆ ಮನೆ ಆ ಬೆರಳಿನ ಮೇಲೆ ನಿಂತಿತ್ತು.

ಹೀಗೆ ವರ್ಷಗಳು ಉರುಳಿದವು. ಮಾಸ್ತರ ನಿವೃತ್ತರಾದರು, ಒಂದು ಕಣ್ಣಿಗೆ ಪೊರೆ ಬಂತು. ಒಂದು ಶ್ರಾವಣದಲ್ಲಿ ಜಡಿಮಳೆ ಹಿಡಿದು ಗೋಡೆ ತಂಪೇರಿತು. ಚಿತ್ರದ ಕಾಗದಕ್ಕೆ ಕಂದು ಕಲೆ ಬಿದ್ದು ದಿನದಿಂದ ದಿನಕ್ಕೆ ಹಬ್ಬತೊಡಗಿತು. ಪಂಚಮಿಗೆ ತವರುಮನೆ ಗುಡಗೇರಿಗೆ ಹೊರಟ ವೈನಿ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ನಾನೇ ಕೇಳಿದ್ದೇನೆ. "ಕಲಿ ಆಡಿನ ತನಕ ಬಂತು ನೋಡ್ರಿ. ಏನರ ಮಾಡ್ರಿ." ಅಲ್ಲಿ ಅವರ ತಮ್ಮನ ಹೆಂಡತಿ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ವೈನಿ ಚೌತಿಯ ಹೊತ್ತಿಗೆ ಬರುತ್ತೇನೆಂದು ಹೇಳಿ ಕಳಿಸಿದರು. ಮಾಸ್ತರರಿಗೆ ರೊಟ್ಟಿ ಪಲ್ಯ ನಮ್ಮ ಮನೆಯಿಂದಲೇ.

ಏನರ ಮಾಡ್ರಿ ಅಂದದ್ದನ್ನು ಮಾಸ್ತರ ಮಾಡಿದರು. ಅಯ್ಯ ಶಿವನೇ, ಮಾಡದೆ ಬಿಟ್ಟಿದ್ದರೆ...

ಹಳೆಯ ಎಚ್ಚಿಂಗ್‌ಗೆ ಕಲೆ ಬಿದ್ದರೆ ಅದನ್ನು ತಿಳಿನೀರಿನಲ್ಲಿ ನೆನೆಸಿ ತೊಳೆಯುವುದು ಅವರಿಗೆ ಗೊತ್ತಿದ್ದ ವಿದ್ಯೆ. ಎಣ್ಣೆಯ ಮಸಿ, ನೀರಿಗೆ ಜಗ್ಗುವುದಿಲ್ಲ. ಮೊದಲೂ ಕೆಲವು ಚಿತ್ರ ಹಾಗೆ ತೊಳೆದಿದ್ದರು. ಅಂದು ಮುಂಜಾನೆ ಪರಾತದಲ್ಲಿ ನೀರು ತುಂಬಿ, ಕಟ್ಟು ಬಿಚ್ಚಿ, ಕಾಗದವನ್ನು ಹಸುಗೂಸಿಗೆ ಎರೆಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಆಡು ಸಾಲಿ ಹುಡುಗರ ಶಾಯಿಯದು, ನೀರು ತಾಗಿದರೆ ಉಳಿಯುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿಗೆಲ್ಲ ಶಾಯಿ ಪಾಠ ಹೇಳಿದವರು. ಆದರೆ ಅಷ್ಟು ವರ್ಷ ನೋಡಿ ನೋಡಿ ಆ ಆಡು ಅವರ ಪಾಲಿಗೆ ಚಿತ್ರದ್ದೇ ಆಗಿಬಿಟ್ಟಿತ್ತು. ಹುಣಸೆ ಮರದ ಹಾಗೆ, ಎತ್ತುಗಳ ಹಾಗೆ, ಅದೂ ತಾಮ್ರದಲ್ಲೇ ಹುಟ್ಟಿದ್ದು ಅಂತ.

"ಅಕ್ಕೋರ... ಅಕ್ಕೋರ..." ಗೋಡೆಯ ಆಚೆಯಿಂದ ಕೇಳಿದ ಆ ದನಿ ಮಾಸ್ತರದು ಅಂತ ಮೊದಲು ನನಗೆ ತಿಳಿಯಲೇ ಇಲ್ಲ. ಕೈಗೆ ಹಿಟ್ಟು ಮೆತ್ತಿದ್ದ ಹಾಗೆಯೇ ಓಡಿದೆ. ಮಾಸ್ತರ ನೆಲದ ಮೇಲೆ ಕೂತಿದ್ದರು. ಕೈ ಪರಾತದಲ್ಲೇ ಇತ್ತು. ಕೆರೆ ಥಳಥಳ ಅನ್ನುತ್ತಿತ್ತು, ಮರ ಎತ್ತು ಮಂಟಪ ಎಲ್ಲ ಇದ್ದವು. ನೀರು ತೆಳ್ಳಗೆ ನೀಲಿಯಾಗಿತ್ತು. ಮೂಲೆ ಬಿಳಿ.

"ನೀರಾಗ ಹೋತ್ರಿ," ಅಂದರು. "ಕೂಸು ಮತ್ತೊಮ್ಮೆ ಹೋತ್ರಿ ಅಕ್ಕೋರ."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪರಾತ ಎತ್ತಲು ಬಗ್ಗಿದೆ. ಆ ನೀರನ್ನು ಚೆಲ್ಲಲು ಅವರು ಬಿಡಲಿಲ್ಲ. ಮೂಲೆಯಲ್ಲಿ ಮುಚ್ಚಿಟ್ಟರು. ಅದೇ ನೀರಿನಲ್ಲಿ ಶಾಯಿ ಕಲಸಿ ಆಡು ಬರೆಯುತ್ತೇನೆ, ಆಗ ಆಕೆಯದೇ ಶಾಯಿ ಆಗುತ್ತದೆ ಅಂದರು. ಮರುದಿನ ಭಾಂಡೆ ತಿಕ್ಕುವಾಕೆ ಬಂದು, ಹೊಲಸು ನೀರು ಅಂದುಕೊಂಡು ಬಚ್ಚಲಿಗೆ ಸುರಿದು ಪರಾತವನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಟ್ಟಳು. ಆಕೆಯದೇನು ತಪ್ಪು? ಬಣ್ಣಗೆಟ್ಟ ನೀರನ್ನು ಯಾರು ಕೂಡಿಡುತ್ತಾರೆ? ಮಾಸ್ತರ ಬೆಳಗಿದ ಪರಾತವನ್ನೇ ನೋಡುತ್ತ ಕೂತರು.

ತೊಳೆದ ಚಿತ್ರದ ಮೇಲೆಯೇ ಆಡು ಬರೆಯೋಣವೆಂದರೆ ಅದೂ ಆಗಲಿಲ್ಲ. ನೀರು ಕುಡಿದ ಕಾಗದ ಗಂಜಿ ಬಿಟ್ಟು ಒರಟಾಗಿತ್ತು. ಅಂಚಿನಲ್ಲಿ ಒಂದು ಹನಿ ಇಟ್ಟು ನೋಡಿದರು, ಒತ್ತುಕಾಗದದ ಮೇಲೆ ಹರಡುವ ಹಾಗೆ ಶಾಯಿ ಹರಡಿತು. ಇನ್ನು ಉಳಿದ ದಾರಿ ಒಂದೇ. ಹೊಸ ಕಾಗದದ ಮೇಲೆ ಇಡೀ ಚಿತ್ರವನ್ನು ಪೆನ್ನಿನಲ್ಲಿ ಮೊದಲಿನಿಂದ ಬರೆಯುವುದು. ಕೆರೆ, ಮರ, ಮಂಟಪ, ಎತ್ತು, ಕೊನೆಗೆ ಆಡು. ಚೌತಿಯೊಳಗೆ. ಆಕೆ ಬಂದು ಬೆರಳು ಇಡುವ ಮೊದಲು.

"ವೈನಿಗೆ ಖರೆ ಹೇಳಿಬಿಡ್ರಿ ಮಾಸ್ತರ," ಅಂದೆ.

"ಆಕಿ ಬೆರಳು ಎಲ್ಲಿ ಇಡಬೇಕ್ರಿ ಅಕ್ಕೋರ? ಬಿಳೇ ಕಾಗದದ ಮ್ಯಾಲೆ?" ಅಂದರು.

ಹುಬ್ಬಳ್ಳಿಯಿಂದ ದಪ್ಪ ಕಾಗದ, ಕಪ್ಪು ಶಾಯಿ, ಸೂಜಿಯಂಥ ನಿಬ್ಬುಗಳು ಬಂದವು. ಕಿಟಕಿಯ ಬಳಿ ಕೂತರೆಂದರೆ ಎದ್ದದ್ದೇ ಇಲ್ಲ. ಮಳೆಯ ಮಬ್ಬು ಬೆಳಕು, ಅವರ ಪೊರೆ ಬಂದ ಕಣ್ಣು. ಆ್ಯಸಿಡ್ಡು ನಿಶ್ಚಿಂತೆಯಿಂದ ತಿಂದ ಗೆರೆಗಳನ್ನು ನಡುಗುವ ಕೈಯಿಂದ ಒಂದೊಂದಾಗಿ ಎಳೆಯಬೇಕು. ನೀರಿನ ಗೆರೆ ಅಡ್ಡ, ನೆರಳಿನ ಗೆರೆ ಓರೆ, ಅದರ ಮೇಲೆ ಮತ್ತೊಂದು ಓರೆ. ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು, ಗೆರೆ ಮುಗಿದ ಮೇಲೆ ಉಸಿರು ಬಿಡುತ್ತಿದ್ದರು. ಒಂದು ಎತ್ತಿನ ಬೆನ್ನು ಕೆಟ್ಟಿತೆಂದು ಅರ್ಧ ಮುಗಿದ ಹಾಳೆಯನ್ನೇ ಹರಿದರು. ರೊಟ್ಟಿ ಹಾಗೇ ಒಣಗುತ್ತಿತ್ತು. "ಹೊಟ್ಟಿಗೆ ಇಲ್ಲದ ಕೈ ನಡಗದ ಏನ್ ಮಾಡತೈತ್ರಿ? ಉಣ್ರಿ ಮೊದ್ಲ!" ಅಂತ ನಾನು ಬಾಯಿ ಮಾಡಿದರೆ ಎರಡು ತುತ್ತು ತಿನ್ನುತ್ತಿದ್ದರು, ಮತ್ತೆ ಪೆನ್ನು. ಆದರೆ ಏನೇ ಅನ್ನಿ, ಚಿತ್ರ ಬಂತು. ಎರಡನ್ನೂ ಬಾಜುಬಾಜು ಇಟ್ಟರೆ ದೊರೆಯದು ಯಾವುದು ಮಾಸ್ತರದು ಯಾವುದು ಅಂತ ನನಗೆ ತಿಳಿಯಲಿಲ್ಲ. ಹಳೆಯ ಕಾಗದದಂತೆ ಕಾಣಲೆಂದು ಮೊದಲೇ ಹಾಳೆಗೆ ಚಹಾದ ನೀರು ಸವರಿದ್ದರು.

ದೊರೆಯ ಕೆರೆ ಬಂತು. ಮಗಳ ಆಡು ಬರಲಿಲ್ಲ.

ಚೂರು ಕಾಗದಗಳ ಮೇಲೆ ಬರೆದು ಬರೆದು ನೋಡಿದರು. ಬಲಗೈಯಲ್ಲಿ ಬರೆದರೆ ಅದು ಡ್ರಾಯಿಂಗ್ ಮಾಸ್ತರ ಬರೆದ ಆಡು, ಐದನೆಯ ಕಾಲಿಗೂ ಸರಿಯಾದ ಮೊಣಕಾಲು. ಎಡಗೈಯಲ್ಲಿ ಬರೆದರೆ ಕುಡಿದವನ ಆಡು. ಕಣ್ಣು ಮುಚ್ಚಿ ಬರೆದರೆ ಆಡೇ ಅಲ್ಲ. ಪಡಸಾಲೆಯ ತುಂಬ ನೀಲಿ ಆಡುಗಳು ಬಿದ್ದಿದ್ದವು. ಜನ್ಮವೆಲ್ಲ ಹುಡುಗರ ಕೈ ತಿದ್ದಿದ ಮನುಷ್ಯನಿಗೆ ತಿದ್ದದ ಗೆರೆ ಒಂದು ಬೇಕಾಗಿತ್ತು, ಅದು ಎಲ್ಲಿಂದ ಬರಬೇಕು? ಕೊನೆಗೆ ನನ್ನನ್ನೇ ಕೇಳಿದರು, ನಿಮ್ಮ ಹುಡುಗರ ಕಡೆಯಿಂದ ಆಡು ಬರೆಸಿಕೊಂಡು ಬರ್ರಿ ಅಂತ. ಬರೆಸಿದೆ. ಇಡೀ ಒಂದನೆಯ ಇಯತ್ತೆ ಆಡು ಬರೆಯಿತು. ಮೀಸೆಯ ಆಡು, ಚಪ್ಪಲಿ ಹಾಕಿದ ಆಡು, ಬಸ್ಸಿಗಿಂತ ದೊಡ್ಡ ಆಡು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಮಾಸ್ತರ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಎಲ್ಲಾವೂ ಛಲೋ ಅದಾವ್ರಿ. ಎಲ್ಲಾವೂ ಮಂದಿ ಮಕ್ಕಳವು," ಅಂತ ಒಟ್ಟು ಮಾಡಿ ತಿರುಗಿ ಕೊಟ್ಟರು.

ಚೌತಿ ಹತ್ತಿರ ಬಂತು. ಒಂದು ಸಂಜೆ, ದಣಿದು ಸುಣ್ಣವಾಗಿದ್ದಾಗ, ಯಾವ ವಿಚಾರವನ್ನೂ ಮಾಡದೆ ಮಾಸ್ತರ ಹಾಳೆಯ ಮೂಲೆಯಲ್ಲಿ ಒಂದೇ ಸಲಕ್ಕೆ ಆಡು ಎಳೆದರು. ಅದು ಆಕೆಯ ಆಡಿಗೆ ಹತ್ತಿರ ಬಂದಿತ್ತು. ಅದೇ ಅಲ್ಲ, ಹತ್ತಿರ. ಉಳಿದದ್ದು ಹೆಬ್ಬೆಟ್ಟಿನ ಗುರುತು. ನನ್ನ ಕ್ಲಾಸಿನ ಒಂದು ಕೂಸಿನ ಕಡೆಯಿಂದ ಒತ್ತಿಸೂಣು ಅಂದೆ. ಮಾಸ್ತರ ಬೆಚ್ಚಿದರು. "ಬ್ಯಾಡ್ರಿ. ಮಂದಿ ಕೂಸಿನ ಹೆಬ್ಬೆಟ್ಟು ಆಕಿ ಜಾಗಾದಾಗ ಬ್ಯಾಡ." ತಮ್ಮ ಹೆಬ್ಬೆಟ್ಟು ದೊಡ್ಡದು. ಬೆರಳುಗಳನ್ನೆಲ್ಲ ಒತ್ತಿ ನೋಡಿ ಕೊನೆಗೆ ಕಿರುಬೆರಳಿಗೆ ಶಾಯಿ ಹಚ್ಚಿ ಆಡಿನ ಬೆನ್ನ ಮೇಲೆ ಒತ್ತಿದರು. ತೊಳೆದ ಚಿತ್ರವನ್ನು ಹಿಂದೆ ಇಟ್ಟು, ಹೊಸದನ್ನು ಮುಂದೆ ಇಟ್ಟು, ಅದೇ ಕಟ್ಟು, ಅದೇ ಗಾಜು, ಅದೇ ಮೊಳೆ.

ವೈನಿ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದರು. ನಾನು ಬೇಕೆಂದೇ ಅಲ್ಲಿದ್ದೆ. ಚಿತ್ರದ ಮುಂದೆ ನಿಂತರು. ಮಾಸ್ತರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಕಲಿ ಹೋತಲ್ರಿ," ಅಂದರು ವೈನಿ.

"ನೀರಾಗ ತೊಳದ್ನಿ," ಅಂದರು ಮಾಸ್ತರ. ಅದು ಸುಳ್ಳೂ ಅಲ್ಲ.

"ಛಲೋ ಆತು." ವೈನಿ ಬೆರಳು ಎತ್ತಿ ಆ ಗುರುತಿನ ಮೇಲೆ ಇಟ್ಟರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇಟ್ಟರು ಅಂತ ನನಗೆ ಆಗಲೂ ಅನಿಸಿತ್ತು. ಆಮೇಲೆ ಚಹಾಕ್ಕೆ ಇಡಲು ಒಳಗೆ ಹೋದರು.

ಗೆದ್ದೆವು ಅಂದುಕೊಂಡೆ ನಾನು, ಹುಚ್ಚಿ. ಗೆದ್ದದ್ದು ಏನೂ ಇರಲಿಲ್ಲ. ಮರುದಿನದಿಂದ ವೈನಿ ದಿನಾ ಬೆಳಿಗ್ಗೆ ಆ ಬೆರಳು ಇಡುವುದು, ಮಾಸ್ತರ ಅದನ್ನು ನೋಡುವುದು. ಎದ್ದು ಹೊರಗೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಕೂತು ನೋಡುತ್ತಿದ್ದರು, ಯಾರೋ ವಿಧಿಸಿದ ಶಿಕ್ಷೆಯ ಹಾಗೆ. ಒಂದು ದಿನ ಕಟ್ಟೆಯ ಮೇಲೆ ನನ್ನ ಬಾಜು ಕೂತು ಹೇಳಿದರು. "ಆಕಿ ಮಗಳನ್ನ ಮುಟ್ಟೇನಿ ಅಂತ ತಿಳಕೊಂಡಾಳ್ರಿ. ದಿನಾ ನನ್ನ ಮ್ವಾಸಾ ಮುಟ್ಟತಾಳ. ದಿನಾ ಸಾಯ್ತೇನ್ರಿ ಅಕ್ಕೋರ." ಹೇಳಿಬಿಡ್ರಿ ಅಂದೆ. ಈಗ ಹೇಳಿದರೆ ಆಕೆಗೆ ಎರಡು ಸಲ ಕಳೆದ ಹಾಗೆ, ಒಮ್ಮೆ ಆಡು, ಒಮ್ಮೆ ಇಷ್ಟು ದಿನ ಮುಟ್ಟಿದ್ದು ಅಂದರು. ಅವರ ಕೈ ಮತ್ತೆ ಪೆನ್ನು ಹಿಡಿಯಲಿಲ್ಲ. ಬೋರ್ಡು ಬರೆಸಲು ಬಂದವರನ್ನು ಕಣ್ಣು ಕಾಣುವುದಿಲ್ಲವೆಂದು ಕಳಿಸಿದರು. ಊರ ಮಂದಿ ಕೂಡುವ ಹುಣಸೆ ಮರದ ಕಟ್ಟೆ, ಚಹಾದಂಗಡಿ, ಎಲ್ಲ ಬಿಟ್ಟರು. ಮನುಷ್ಯ ಒಳಗಿಂದ ಒಣಗುವುದನ್ನು ನಾನು ಗೋಡೆಯ ಈಚೆ ಕೂತು ನೋಡಿದೆ.

ಒಂದು ಬೇಸಿಗೆಯಲ್ಲಿ ಮಾಸ್ತರರಿಗೆ ಲಕ್ವಾ ಹೊಡೆದು ಮೈಯ ಬಲಭಾಗ ಬಿದ್ದಿತು. ಮಾತೂ ಹೋಯಿತು. ಪಡಸಾಲೆಯಲ್ಲೇ ಹಾಸಿಗೆ, ಎದುರಿಗೆ ಅದೇ ಚಿತ್ರ. ಕೊನೆಯ ದಿನ ನಾನು ಹತ್ತಿರವೇ ಇದ್ದೆ. ಎಡಗೈ ಎತ್ತಿ ಚಿತ್ರದ ಕಡೆ ತೋರಿಸಿದರು. ಬಾಯಿ ಏನೋ ಹೇಳಲು ಒದ್ದಾಡಿತು. ಏನು ಹೇಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಖರೆ ಹೇಳಲು ನೋಡುತ್ತಿದ್ದರು. ವೈನಿ, "ಹೂಂರಿ, ಮುಟ್ಟತೇನ್ರಿ, ನೋಡ್ರಿ," ಅಂತ ಎದ್ದು ಹೋಗಿ ಆ ಗುರುತಿನ ಮೇಲೆ ಬೆರಳು ಇಟ್ಟು ತಿರುಗಿ ಗಂಡನನ್ನು ನೋಡಿ ನಕ್ಕರು. ಮಾಸ್ತರ ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಮತ್ತೆ ಈ ಕಡೆ ತಿರುಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿ ಮನೆ ಖಾಲಿ ಮಾಡಿ ಗುಡಗೇರಿಗೆ ತಮ್ಮನ ಹತ್ತಿರ ಹೊರಟರು. ಹೋಗುವ ಮೊದಲು ಚಿತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ನನ್ನ ಮನೆಗೆ ತಂದರು. ಇಟ್ಕೋರಿ ಅಂದರು. ಅಯ್ಯ, ಕೂಸಿನ ಆಡು ಐತಲ್ರಿ ಇದರಾಗ, ನನಗ್ಯಾಕ ಅಂದೆ.

ವೈನಿ ಸೀರೆ ಬಿಡಿಸಿ ಮೂಲೆ ತೋರಿಸಿದರು. "ನೀವೂ ಕಣ್ಣಿಟ್ಟು ನೋಡಿಲ್ಲೇನ್ರಿ? ಈ ಬೆರಳಿನ ಗುರ್ತದಾಗ ನಡುವ ಬಿಳೇ ಗೆರಿ ಐತಿ ನೋಡ್ರಿ, ಅಡ್ಡ. ಬ್ಲೇಡಿನ ಗಾಯ. ಇಷ್ಟು ವರ್ಷ ಆ ಕೈಗೆ ನೀರು ಕೊಟ್ಟೇನಿ, ನನಗ ಗುರ್ತ ಸಿಗಂಗಿಲ್ಲೇನು? ಗುಡಗೇರಿಂದ ಬಂದ ದಿನಾನ ಗೊತ್ತಾತು." ಚಿತ್ರವನ್ನು ಬೆಳಕಿಗೆ ಹಿಡಿದೆ, ಗೆರೆ ಇತ್ತು. "ಕೂಸು ಹೋಗೇತಿ ಅಂತ ಗೊತ್ತಾತ್ರಿ. ಒಳಗ ಹೋಗಿ ಚಾ ಕುದಿಯೂ ಮಟಾ ಅತ್ನಿ. ಆದ್ರ ಇವರು ನನ್ನ ಸಂಬಂಧ ಇಷ್ಟು ಬಡದಾಡಿ ಬರದಾರಲ್ಲ, ಅದನ್ನ ಹೆಂಗ ಮುರೀಲಿ? ಅವತ್ತಿನಿಂದ ನಾ ಮುಟ್ಟಿದ್ದು ಆಡನ್ನಲ್ಲ. ಅವರ ಬೆರಳನ್ನ. ನಾ ಮುಟ್ಟೂದು ನೋಡಿ ಅವರ ಜೀವಕ್ಕ ತಂಪಾಗತೈತಿ ಅಂತ ದಿನಾ ಮುಟ್ಟಿದ್ನಿ."

ಒಂದೇ ಪಡಸಾಲೆ. ಒಬ್ಬರ ಬೆರಳು, ಒಬ್ಬರ ಕಣ್ಣು. ನಡುವೆ ಒಂದು ಮಾತು ಬಿದ್ದಿದ್ದರೆ ಸಾಕಿತ್ತು. ದಿನಾ ರೊಟ್ಟಿಯ ಬುಟ್ಟಿ ಹಿಡಿದು ಆ ಮನೆಗೆ ಹೋಗಿಬಂದ ನನಗೂ ಅವರ ಬೆರಳಿನ ಗಾಯ ಆ ಗುರುತಿನಲ್ಲಿ ಕಾಣಲಿಲ್ಲವಲ್ಲ.

ವೈನಿ ನನ್ನ ಕೈ ಹಿಡಿದರು. "ಕಡೀಕೆ ನಾ ಮುಟ್ಟಿದ್ದು ನೋಡಿ ಮಾರಿ ಹೊಳ್ಳಿಸಿದ್ರಲ್ರಿ. ಸಮಾಧಾನ ಆಗಿ ಹ್ವಾದ್ರು, ಹೌದಲ್ರಿ ಅಕ್ಕೋರ?"

"ಹೌದ್ರಿ ವೈನ್ಯಾರ," ಅಂದೆ. "ಭಾಳ ಸಮಾಧಾನ ಆಗಿತ್ತು ಅವರಿಗೆ."

ಗುಡಗೇರಿಗೆ ಹೋದ ವೈನಿಯೂ ಹೆಚ್ಚು ದಿನ ಉಳಿಯಲಿಲ್ಲ. ಬಾಜು ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಗ್ಗರಣೆಯ ವಾಸನೆಯೂ ಬೇರೆ. ಚಿತ್ರ ನಮ್ಮ ಗೋಡೆಯ ಮೇಲಿದೆ. ಬಂದವರು, ಅಕ್ಕೋರ, ಆಡಿಗೆ ಐದು ಕಾಲು ಯಾಕ್ರಿ ಅಂತ ಕೇಳುತ್ತಾರೆ. ನಾಕು ನಡ್ಯಾಕ, ಒಂದು ಒದ್ಯಾಕ ಅನ್ನುತ್ತೇನೆ. ನಗುತ್ತಾರೆ. ಗಾಜು ಒರೆಸುವಾಗ ನನ್ನ ಕೈ ಆ ಮೂಲೆಯನ್ನು ಬಿಟ್ಟು ಹೋಗುತ್ತದೆ. ಅಲ್ಲಿ ಧೂಳು ಕೂತಿದೆ, ಕೂತಿರಲಿ.

ಮೊನ್ನೆ ಸಂತೆಯಿಂದ ಬಂದು ಆ ಬಾಟಲಿಗೆ ಒಂದಿಷ್ಟು ನೀರು ಹಾಕಿದೆ. ತಳದ ಪುಡಿ ಕರಗಿ ನೀರು ತೆಳ್ಳಗೆ ನೀಲಿಯಾಯಿತು, ಅಂದಿನ ಪರಾತದ ನೀರಿನಷ್ಟೇ ನೀಲಿ. ಇದೊಂದು ಅಂದು ಇದ್ದಿದ್ದರೆ ಅನ್ನುವುದಕ್ಕೂ ಅರ್ಥವಿಲ್ಲ, ಇದು ಆಕೆಯ ಶಾಯಿ ಅಲ್ಲ. ಬಚ್ಚಲಿಗೆ ಸುರಿಯಲು ಹೋದೆ, ಕೈ ಬರಲಿಲ್ಲ. ಮುಚ್ಚಳ ಬಿಗಿದು ಚಿತ್ರದ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೇನೆ. ಯಾರ ಸಲುವಾಗಿ ಇಟ್ಟಿದ್ದೀರಿ ಅಂತ ಕೇಳಬೇಕಾದವರು ಮೂವರೂ ಇಲ್ಲ.